ಮುಂಗಡ ಕಾರ್ಡಿನ ಹಣ ಯಾರದು?

ಮೂಲೆಯಂಗಡಿಯಲ್ಲಿ ಉದ್ದರಿ ಲೆಕ್ಕವಿಟ್ಟವರು ನಿಮ್ಮಲ್ಲಿ ಅನೇಕರಿರಬಹುದು. ತಿಂಗಳಿಡೀ ಅಕ್ಕಿ ಬೇಳೆ ತಂದು, ಸಂಬಳ ಬಂದ ಮೇಲೆ ಹಣ ಕೊಡುವುದು ಅದರ ಕ್ರಮ. ಅಲ್ಲಿ ಅಂಗಡಿಯವನು ನಮ್ಮನ್ನು ನಂಬಬೇಕು. ಮುಂಗಡ ಪಾವತಿ ಕಾರ್ಡಿನ ರೀತಿ ಇದಕ್ಕೆ ತೀರ ವಿರುದ್ಧ. ಇಲ್ಲಿ ಹಣ ಮೊದಲು, ಸಾಮಾನು ಆಮೇಲೆ, ನಂಬಬೇಕಾದವರು ನಾವು. ಕಾರ್ಡಿಗೋ ಮೊಬೈಲಿನ ವಾಲೆಟ್ಟಿಗೋ 500 ರೂಪಾಯಿ ತುಂಬಿದೊಡನೆ ನಾವು ಆ ಕಂಪನಿಗೆ ಒಂದು ಬಗೆಯಲ್ಲಿ ಸಾಲ ಕೊಟ್ಟವರಾದೆವು. ಅದಕ್ಕೆ ಬಡ್ಡಿಯೂ ಇಲ್ಲ. ಹಾಗಾದರೆ ಆ ಹಣಕ್ಕೆ ಕಾವಲು ಯಾರು?

ಕಾವಲಿನ ಮೂಲ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆ. ಅದರ ಆಧಾರದ ಮೇಲೆ ರಿಸರ್ವ್ ಬ್ಯಾಂಕು 2009ರಲ್ಲಿ ಮೊದಲ ನಿಯಮಗಳನ್ನು ಹೊರಡಿಸಿತು. 2021ರ ಆಗಸ್ಟ್ 27ರಂದು ಅವನ್ನೆಲ್ಲ ಒಂದುಗೂಡಿಸಿ ಹೊಸ ನಿರ್ದೇಶನ ಕೊಟ್ಟಿತು. ಅದರಂತೆ, ಹಲವೆಡೆ ಚಲಾವಣೆಯಾಗುವ ಕಾರ್ಡನ್ನು ಬ್ಯಾಂಕಲ್ಲದ ಕಂಪನಿಯೊಂದು ಕೊಡಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಜನರಿಂದ ಪಡೆದ ಹಣವನ್ನು ಅದು ತನ್ನ ತಿಜೋರಿಗೆ ಸೇರಿಸಿಕೊಳ್ಳುವಂತಿಲ್ಲ. ವಾಣಿಜ್ಯ ಬ್ಯಾಂಕೊಂದರಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿಡಬೇಕು.

ಆದರೆ ಈ ಬೇಲಿಯ ಹೊರಗಿರುವ ಕಾರ್ಡುಗಳೂ ಉಂಟು. ಒಂದು ಅಂಗಡಿ ತನ್ನ ಸರಕಿಗೆ ಮಾತ್ರ ಸಲ್ಲುವಂತೆ ಕೊಡುವ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅಂಥ ಅಂಗಡಿ ಬಾಗಿಲು ಹಾಕಿದರೆ ನಿಮಗೆ ಉಳಿಯುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಆದಕಾರಣ, ಮದುವೆಯ ಉಡುಗೊರೆಗೆಂದು ಕಾರ್ಡು ಕೊಳ್ಳುವಾಗ ಅದು ಯಾವ ಬಗೆಯದೆಂದು ಕೇಳಿ ನೋಡಿ.

ಇನ್ನು ಅವಧಿಯ ಮಾತು. 2021ರ ನಿರ್ದೇಶನದಂತೆ, ಕೊನೆಯ ಬಾರಿ ಹಣ ತುಂಬಿದ ದಿನದಿಂದ ಕಡಮೆಯೆಂದರೂ ಒಂದು ವರ್ಷ ಕಾರ್ಡು ಬಾಳಬೇಕು. ಅವಧಿ ಮುಗಿಯುವ ಮುನ್ನಿನ 45 ದಿನಗಳಲ್ಲಿ ಕಂಪನಿ ನಿಮ್ಮನ್ನು ಎಚ್ಚರಿಸಬೇಕು. ಅದೂ ಕಾರ್ಡು ಪಡೆಯುವಾಗ ನೀವು ಹೇಳಿದ ಭಾಷೆಯಲ್ಲಿ. ಕನ್ನಡ ಬೇಕೆಂದರೆ ಅಂದೇ ಹೇಳಿಬಿಡಿ. ಅವಧಿ ತೀರಿತೆಂದು ಬ್ಯಾಂಕಲ್ಲದ ಕಂಪನಿ ಉಳಿದ ಹಣವನ್ನು ಒಡನೆ ತನ್ನ ಲಾಭಕ್ಕೆ ಬರೆದುಕೊಳ್ಳುವಂತಿಲ್ಲ. ಮೂರು ವರ್ಷವಾದರೂ ಕಾಯಬೇಕು. ಅಷ್ಟರೊಳಗೆ ನೀವು ಕೇಳಿದರೆ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಕಳವಿನ ಪ್ರಸಂಗ. ಸೋಮವಾರ ಬೆಳಗ್ಗೆ ನಿಮ್ಮ ಮೊಬೈಲಿಗೆ ಒಂದು ಸಂದೇಶ ಬಂತೆನ್ನಿ: ನಿಮ್ಮ ವಾಲೆಟ್ಟಿನಿಂದ 8,000 ರೂಪಾಯಿ ಖರ್ಚಾಗಿದೆ. ಖರ್ಚು ಮಾಡಿದವರು ನೀವಲ್ಲ. ಬ್ಯಾಂಕಲ್ಲದ ಕಂಪನಿಗಳಿಗೆಂದು ರಿಸರ್ವ್ ಬ್ಯಾಂಕು 2019ರ ಜನವರಿಯಲ್ಲಿ ಹಾಕಿಕೊಟ್ಟ ಲೆಕ್ಕ ಹೀಗಿದೆ. ತಪ್ಪು ಕಂಪನಿಯದಾದರೆ ನಷ್ಟ ಪೂರ್ತಿ ಅದರದೇ. ತಪ್ಪು ನಿಮ್ಮದೂ ಅಲ್ಲ, ಕಂಪನಿಯದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಯಿತೆಂದರೆ, ಸಂದೇಶ ಬಂದ ದಿನವನ್ನು ಬಿಟ್ಟು ಮೂರು ದಿನದೊಳಗೆ, ಎಂದರೆ ಗುರುವಾರದೊಳಗೆ, ತಿಳಿಸಿದರೆ ನಿಮಗೆ ಒಂದು ಕಾಸಿನ ನಷ್ಟವೂ ಇಲ್ಲ. ನಾಲ್ಕರಿಂದ ಏಳನೆಯ ದಿನದೊಳಗಾದರೆ, ಹೋದ ಮೊತ್ತ ಅಥವಾ 10,000 ರೂಪಾಯಿ, ಯಾವುದು ಕಡಮೆಯೋ ಅಷ್ಟು ನಿಮ್ಮ ಪಾಲು. ಶುಕ್ರವಾರ ಎಚ್ಚತ್ತರೆ 8,000ವೂ ನಿಮ್ಮ ತಲೆಯ ಮೇಲೇ ಬಿತ್ತು! ಒಂದು ದಿನದ ಉದಾಸೀನಕ್ಕೆ ಇಷ್ಟು ಬೆಲೆ.

ಗುಪ್ತಸಂಖ್ಯೆಯನ್ನು ನೀವೇ ಯಾರಿಗೋ ಹೇಳಿಬಿಟ್ಟಿದ್ದರೆ? ಆಗ ನೀವು ದೂರು ಕೊಡುವತನಕ ಆದ ನಷ್ಟ ನಿಮ್ಮದು. ದೂರು ಕೊಟ್ಟ ಮೇಲೆ ಆದದ್ದು ಕಂಪನಿಯದು. ಆದ್ದರಿಂದ ಮೋಸಹೋದೆನೆಂಬ ನಾಚಿಕೆಯಿಂದ ಮನೆಯ ಹಿರಿಯರು ಸುಮ್ಮನೆ ಕೂರಬಾರದು. ಮಕ್ಕಳು ಅವರನ್ನು ಗದರಿಸಿ ಸುಮ್ಮನಾಗಿಸಲೂಬಾರದು. ಮೌನದಿಂದ ನಷ್ಟ ಬೆಳೆಯುತ್ತದೆ.

ದೂರು ಬಂದ ಹತ್ತು ದಿನದಲ್ಲಿ ಕಂಪನಿ ಹಣವನ್ನು ಲೆಕ್ಕಕ್ಕೆ ಹಿಂದಿರುಗಿಸಬೇಕು, 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ತಪ್ಪು ಗ್ರಾಹಕನದೆಂದು ಸಾಧಿಸುವ ಹೊರೆಯೂ ತನ್ನದೇ ಎಂದು ಅದೇ ಆದೇಶ ವಿಧಿಸಿತು. ಬಸ್ಸು, ಮೆಟ್ರೋ ಪ್ರಯಾಣಕ್ಕೆಂದೇ ಇರುವ ಕಾರ್ಡಿಗೆ ಮಾತ್ರ ಈ ರಕ್ಷೆ ಪೂರ್ತಿಯಾಗಿ ದೊರೆಯದು. ಕಂಪನಿಯದೇ ತಪ್ಪಿದ್ದರೆ ಹೊರತು ಅದು ಕಳೆದರೆ ಜೇಬಿನ ನೋಟು ಕಳೆದಂತೆಯೇ. ಅದರಲ್ಲಿ ಬೇಕಾದಷ್ಟೇ ತುಂಬಿಡುವುದು ಜಾಣತನ.

ವಂಚನೆಯ ಸುಳಿವು ಸಿಕ್ಕೊಡನೆ ಕಂಪನಿಗೂ 1930 ಸಂಖ್ಯೆಗೂ ತಿಳಿಸಿ; ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 30 ದಿನವಾದರೂ ಕಂಪನಿಯ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಂಗಡಿಯ ಸ್ವಂತ ಕಾರ್ಡಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ಈ ನಿಯಮಗಳು ಆಗಾಗ ತಿದ್ದುಪಡಿಯಾಗುವಂಥವು. ಕಾರ್ಡು ಕೊಳ್ಳುವಾಗ ಷರತ್ತುಗಳ ಹಾಳೆಯನ್ನೊಮ್ಮೆ ಓದಿ. ಉದ್ದರಿ ಪುಸ್ತಕವನ್ನು ತಿಂಗಳಿಗೊಮ್ಮೆ ತಾಳೆ ನೋಡುತ್ತಿದ್ದ ನಮ್ಮ ಹಿರಿಯರ ಅಭ್ಯಾಸ ಇಲ್ಲಿಯೂ ಒಳ್ಳೆಯದೇ. ಆದರೆ ಇಲ್ಲಿ ತಿಂಗಳವರೆಗೆ ಕಾಯಲಾಗದು. ಸಂದೇಶ ಬಂದಾಗಲೇ ನೋಡಬೇಕು, ಅಷ್ಟೆ.