ಕದಳಿಯ ಹಾದಿಯಲ್ಲಿ ಒಬ್ಬಂಟಿ ಶರಣೆ

12ನೆಯ ಶತಮಾನದಲ್ಲಿ ಶಿವಮೊಗ್ಗ ಸೀಮೆಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣವನ್ನು ಕಂಡು, ಶ್ರೀಶೈಲದ ಕದಳಿಯತ್ತ ಏಕಾಂಗಿಯಾಗಿ ನಡೆದಳು. ಬೇಡಿ ಪಡೆದ ಭಿಕ್ಷೆಯೇ ಬುತ್ತಿ, ಪಾಳುಗುಡಿಯೇ ಬಿಡಾರ.

ಆ ನಲ್ಲಮಲ ಇಂದಿಗೂ ಹುಲಿಗಳ ಕಾಡು. ಯುಗಾದಿಗೆ ಪಾದಯಾತ್ರೆ ಹೊರಡುವ ಕನ್ನಡ ಭಕ್ತರು ಭೀಮನಕೊಳ್ಳದ ಕಡಿದಾದ ಕಣಿವೆಯನ್ನು ಗುಂಪುಗೂಡಿಯೇ ಇಳಿದು ಹತ್ತುತ್ತಾರೆ. ಕೃಷ್ಣೆಯ ಕಮರಿಯಲ್ಲಿ ಅಕ್ಕ ತಪಗೈದಳೆನ್ನುವ ಗವಿಗೆ ದೋಣಿಯಲ್ಲಿ ಹೋಗಿಬರುತ್ತಾರೆ.

ನಮ್ಮ ಸಿರಿಗೆರೆ ಸೀಮೆಯಲ್ಲಿ ಅಕ್ಕನನ್ನು ನೆನೆಯದ ಮನೆಯಿಲ್ಲ. ಆದರೆ ಮಗಳೊಬ್ಬಳೇ ಪರವೂರಿಗೆ ಓದಲು ಹೊರಟರೆ ಹೊಸ್ತಿಲಲ್ಲೇ ತಡೆಯುತ್ತೇವೆ. ಮೊಮ್ಮಗಳನ್ನು ನಾನೂ ತಡೆದೆ. “ಅಜ್ಜಾ, ಅಕ್ಕನ ಜೊತೆಗೆ ಯಾರಿದ್ದರು?” ಎಂದಳು. “ಚೆನ್ನಮಲ್ಲಿಕಾರ್ಜುನ” ಎಂದೆ. “ನನ್ನ ಜೊತೆಗೆ ಇರನೇ?” ಎಂದಳು.

ಮರುದಿನ ಆಕೆಯ ಚೀಲವನ್ನು ನಾನೇ ಬಸ್ಸಿಗೇರಿಸಿ ಬಂದೆ.