ಮೀನಿನ ತೊಟ್ಟಿಯಲ್ಲಿ ನೀರು ಎಷ್ಟು ಜೋರಾಗಿ ಹರಿಯಬೇಕು?

ಮಕ್ಕಳೇ, ಬೇಸಿಗೆಯಲ್ಲಿ ಕಾಗಿಣಾ ನದಿಯನ್ನು ನೋಡಿದ್ದೀರಾ? ಹರಿವು ಕಡಿಮೆಯಾಗಿ ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ನಿಂತ ನೀರಿನಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದುಂಟು. ಅವು ಆಟವಾಡುತ್ತಿಲ್ಲ, ಉಸಿರಿಗಾಗಿ ಒದ್ದಾಡುತ್ತಿವೆ! ಗಾಜಿನ ತೊಟ್ಟಿಯ ಮೀನಿಗೂ ಇದೇ ಗತಿ ಬರಬಹುದು.

ಹೀಗೇಕೆ? ಮೀನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಿವಿರುಗಳಿಂದ ಹೀರಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಕಷ್ಟ.

ಪಂಪು ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೇಲ್ಮೈ ನೀರನ್ನು ಅಲುಗಿಸಿ ಗಾಳಿಯ ಆಮ್ಲಜನಕ ಬೆರೆಯಲು ನೆರವಾಗುತ್ತದೆ. ಕೊಳೆ ನೀರನ್ನು ಸ್ಪಂಜಿನ ಸೋಸುಕದ ಮೂಲಕ ಹಾಯಿಸಿ ಮತ್ತೆ ತೊಟ್ಟಿಗೆ ಬಿಡುತ್ತದೆ. ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಮಲದಿಂದ ಬರುವ ವಿಷಕಾರಿ ಅಮೋನಿಯವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ.

ಹಾಗಾದರೆ ಪಂಪನ್ನು ಪೂರ್ತಿ ಜೋರಾಗಿ ಬಿಡೋಣವೇ? ಬೇಡ. ಸೆಳೆತ ಹೆಚ್ಚಾದರೆ ಸಣ್ಣ ಮೀನುಗಳು ಸದಾ ಎದುರು ಈಜಿ ದಣಿಯುತ್ತವೆ, ಮೂಲೆ ಸೇರುತ್ತವೆ. ಸಾಮಾನ್ಯ ಸಿಹಿನೀರಿನ ತೊಟ್ಟಿಯ ನೀರೆಲ್ಲ ಗಂಟೆಗೆ ಸುಮಾರು 4 ಸಲ ಸುತ್ತಿದರೆ ಸಾಕು. 60 ಲೀಟರಿನ ತೊಟ್ಟಿಗೆ ಗಂಟೆಗೆ 240 ಲೀಟರ್, ಅಂದರೆ ನಿಮಿಷಕ್ಕೆ 4 ಲೀಟರ್.

ಇದನ್ನು ಅಳೆಯುವುದು ಸುಲಭ. ನೀರು ಬೀಳುವ ಕೊಳವೆಯ ಬಾಯಿಗೆ 1 ಲೀಟರಿನ ಬಾಟಲಿ ಹಿಡಿಯಿರಿ. 15 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸರಿಯಾಗಿದೆ. 6 ಸೆಕೆಂಡಿಗೇ ತುಂಬಿದರೆ ಅತಿ ಜೋರು. ನೀರು ಹೊರಬರುವ ಕಡೆಯ ನಲ್ಲಿಯನ್ನು ತುಸು ತಿರುಗಿಸಿ ಕಡಿಮೆ ಮಾಡಿ. ನೀರು ಎಳೆಯುವ ಕಡೆ ಮಾತ್ರ ಅಡ್ಡಿ ಮಾಡಬಾರದು, ಪಂಪು ಬಿಸಿಯಾಗುತ್ತದೆ. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಅಂಕಿಯನ್ನೇ ನಂಬಬೇಡಿ. ನೀರನ್ನು ಮೇಲಕ್ಕೆ ಎತ್ತಬೇಕಾದಷ್ಟೂ ಹರಿವು ಕಡಿಮೆಯಾಗುತ್ತದೆ.

ಒಮ್ಮೆ ಸರಿಪಡಿಸಿದರೆ ಮುಗಿಯಿತೇ? ಇಲ್ಲ! ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಸುಣ್ಣದಕಲ್ಲಿದೆ. ಮನೆಗೆ ಹಾಸುವ ಶಹಾಬಾದ್ ಫರಸಿಯೂ ಸಿಮೆಂಟ್ ಕಾರ್ಖಾನೆಗಳು ಬಳಸುವ ಕಲ್ಲೂ ಇದೇ. ಇಂಥ ಕಡೆ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಲವಣಗಳು ಕರಗಿರುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಇದರಿಂದಲೇ. ಪಂಪಿನೊಳಗೂ ಈ ಪದರ ಮೆಲ್ಲಗೆ ಕಟ್ಟಿ ಹರಿವು ಕುಗ್ಗುತ್ತದೆ. ಪಂಪು ಓಡುತ್ತಲೇ ಇರುವುದರಿಂದ ಇದು ನಮಗೆ ತಿಳಿಯುವುದಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ತೆರೆದಾಗಲಷ್ಟೇ ತಿಳಿಯುತ್ತದೆ!

ಆದ್ದರಿಂದ ತಿಂಗಳಿಗೊಮ್ಮೆ ಬಾಟಲಿ ಹಿಡಿದು ಅಳೆಯಿರಿ, ಸೆಕೆಂಡುಗಳನ್ನು ಬರೆದಿಡಿ. 15 ಇದ್ದದ್ದು 25 ಆಗಿದ್ದರೆ ಪಂಪನ್ನು ತೊಳೆಯುವ ಹೊತ್ತಾಯಿತು. ಹೊರತೆಗೆದ ಪಂಪಿನ ತಿರುಗುವ ಭಾಗವನ್ನು ನಿಂಬೆರಸದಲ್ಲಿ ನೆನೆಸಿದರೆ ಸುಣ್ಣ ಗುಳ್ಳೆಯೆದ್ದು ಕರಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಈ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.

ಎಚ್ಚರಿಕೆ: ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ.

ಲೆಕ್ಕ ಹಾಕಿ: 90 ಲೀಟರಿನ ತೊಟ್ಟಿಯ ನೀರು ಗಂಟೆಗೆ 4 ಸಲ ಸುತ್ತಬೇಕಾದರೆ 1 ಲೀಟರಿನ ಬಾಟಲಿ ಎಷ್ಟು ಸೆಕೆಂಡಿನಲ್ಲಿ ತುಂಬಬೇಕು? (ಉತ್ತರ: 10 ಸೆಕೆಂಡು)