ಎಲೆಕೋಸಿನ ಕೂಸಿಗೆ ಎಷ್ಟು ಬೆಲೆ?

ಕನ್ನಡದ ಮನೆಗಳಲ್ಲಿ ಮಕ್ಕಳನ್ನು ಗೋಳುಹೊಯ್ದುಕೊಳ್ಳಲು ಒಂದು ಹಳೆಯ ಮಾತಿದೆ: ‘ನಿನ್ನನ್ನೇನು ಹೆತ್ತದ್ದಾ? ತೌಡು ಕೊಟ್ಟು ತಂದದ್ದು!’ ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಕೂಸು ಎಲ್ಲಿಂದ ಬಂತು ಎಂದು ಕೇಳಿದ ಮಗುವಿಗೆ ಸಿಗುತ್ತಿದ್ದ ಉತ್ತರ ಬೇರೆ. ಹಿತ್ತಲ ಎಲೆಕೋಸಿನ ಮಡಿಯಲ್ಲಿ, ಎಲೆಯ ಅಡಿಯಲ್ಲಿ ಸಿಕ್ಕಿತು ಅಂತ. ತೌಡಿನ ಕತೆ ಮನೆಯ ಜಗಲಿ ದಾಟಲಿಲ್ಲ. ಎಲೆಕೋಸಿನ ಕತೆಯಾದರೋ 1985ರ ಒಂದೇ ವರ್ಷದಲ್ಲಿ ಸುಮಾರು 60 ಕೋಟಿ ಡಾಲರ್ ವ್ಯಾಪಾರ ಮಾಡಿತು.

ಆ ವ್ಯಾಪಾರದ ಸರಕು ಒಂದು ಗೊಂಬೆ. ಹೆಸರು ಕ್ಯಾಬೇಜ್ ಪ್ಯಾಚ್ ಕಿಡ್ಸ್. ಹದಿನಾರು ಅಂಗುಲ ಎತ್ತರ, ಬಟ್ಟೆಯ ಮೈ, ಉಬ್ಬಿದ ಕೆನ್ನೆ, ಮೂಗಿಗೆ ಅಂಟಿಕೊಂಡಂತೆ ಕೂತ ಪುಟ್ಟ ಕಣ್ಣುಗಳು, ಉಣ್ಣೆ ನೂಲಿನ ಕೂದಲು. ಬಾರ್ಬಿಯ ಪಕ್ಕ ನಿಲ್ಲಿಸಿದರೆ ಇದನ್ನು ಚೆಂದ ಎನ್ನಲು ಸ್ವಲ್ಪ ಧೈರ್ಯ ಬೇಕು. ಆದರೂ 1983ರ ಚಳಿಗಾಲದಲ್ಲಿ ಅಮೆರಿಕದ ಅಪ್ಪ-ಅಮ್ಮಂದಿರು ಇದಕ್ಕಾಗಿ ಅಂಗಡಿಗಳಲ್ಲಿ ಕೈಕೈ ಮಿಲಾಯಿಸಿದರು. ಅಂದು ಗೊಂಬೆ ಸಿಕ್ಕ ಮಕ್ಕಳಿಗೆ ಈಗ ನಲವತ್ತು ದಾಟಿದ ಅಥವಾ ಐವತ್ತರ ವಯಸ್ಸು. ತವರಿನ ಅಟ್ಟ ಖಾಲಿ ಮಾಡುವಾಗ ಆ ದಪ್ಪ ಕೆನ್ನೆ ಮತ್ತೆ ಕಾಣಿಸುತ್ತದೆ, ಜೊತೆಗೇ ಒಂದು ಪ್ರಶ್ನೆಯೂ: ಇದಕ್ಕೀಗ ಎಷ್ಟು ಬಂದೀತು?

ಉತ್ತರ ಹುಡುಕಲು ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಹೋಗಬೇಕು. 1970ರ ದಶಕದ ಆರಂಭದಲ್ಲಿ ಮಾರ್ಥಾ ನೆಲ್ಸನ್ ಎಂಬ ಯುವ ಕಲಾವಿದೆ ಅಲ್ಲಿ ಬಟ್ಟೆಯ ಕೂಸುಗಳನ್ನು ಮಾಡುತ್ತಿದ್ದರು. ಹಿಗ್ಗುವ ಬಟ್ಟೆಗೆ ಮೆದುವಾದ ತುಂಬು ತುಂಬಿ, ಹೊರಗಿನಿಂದ ಸೂಜಿ ಚುಚ್ಚಿ ದಾರ ಎಳೆದರೆ ಒಂದೆಡೆ ಗುಳಿ ಬೀಳುತ್ತದೆ, ಇನ್ನೊಂದೆಡೆ ಉಬ್ಬು ಏಳುತ್ತದೆ. ಹಾಗೆ ಎಳೆದೆಳೆದೇ ಮೂಗು, ಗಲ್ಲ, ಬೆರಳು, ಹೊಕ್ಕುಳು ಮೂಡಿಸುವುದು. ಕೈ ಎಳೆದಷ್ಟು ಎಳೆತ, ಹಾಗಾಗಿ ಒಂದರ ಮುಖ ಇನ್ನೊಂದಕ್ಕೆ ಬರುವುದಿಲ್ಲ. ಮಾರ್ಥಾ ಇವನ್ನು ‘ಡಾಲ್ ಬೇಬೀಸ್’ ಎಂದು ಕರೆದರು. ಕರಕುಶಲ ಮೇಳಗಳಲ್ಲಿ ಕೊಳ್ಳುವವರಿಗೆ ಗೊಂಬೆಯ ಜೊತೆ ಅದರ ಗುಣ-ಸ್ವಭಾವ ಬರೆದ ದತ್ತು ಪತ್ರವನ್ನೂ ಕೊಡುತ್ತಿದ್ದರು.

ಅದನ್ನು ಕಂಡವರಲ್ಲಿ ಜಾರ್ಜಿಯಾ ರಾಜ್ಯದ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಊರಿನ ಕಲಾ ವಿದ್ಯಾರ್ಥಿ ಝೇವಿಯರ್ ರಾಬರ್ಟ್ಸ್ ಒಬ್ಬರು. 1976ರ ಹೊತ್ತಿಗೆ ಅವರು ಯೂನಿಕಾಯ್ ಸ್ಟೇಟ್ ಪಾರ್ಕಿನ ಕರಕುಶಲ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮಾರ್ಥಾರಿಂದ ಗೊಂಬೆ ತರಿಸಿ ಅಲ್ಲಿ ಮಾರಿದರು. ಬೆಲೆಯ ವಿಚಾರದಲ್ಲಿ ಮನಸ್ತಾಪವಾಗಿ ಮಾರ್ಥಾ ಕೊಡುವುದನ್ನು ನಿಲ್ಲಿಸಿದರು. ರಾಬರ್ಟ್ಸ್ ತಾವೇ ಸೂಜಿ ಹಿಡಿದರು. ಅವರ ‘ಲಿಟ್ಲ್ ಪೀಪಲ್’ ಗೊಂಬೆಗಳೂ ಬಟ್ಟೆಯವೇ, ಅವಕ್ಕೂ ದತ್ತು ಪತ್ರ. ಮಾರ್ಥಾ ತಮ್ಮ ಕೂಸುಗಳಿಗೆ ಕಾಪಿರೈಟ್ ಮಾಡಿಸಿರಲಿಲ್ಲ. ರಾಬರ್ಟ್ಸ್ ಮಾಡಿಸಿದರು, ಸಾಲದ್ದಕ್ಕೆ ಗೊಂಬೆಯ ಕುಂಡೆಯ ಮೇಲೆ ತಮ್ಮ ರುಜು ಹಾಕಿದರು. ಈ ರುಜುವಿನ ವಿಷಯ ಮುಂದೆ ಮತ್ತೆ ಬರುತ್ತದೆ. ಮಾರ್ಥಾ 1979ರಲ್ಲಿ ದಾವೆ ಹೂಡಿದರು. 1985ರಲ್ಲಿ ಅದು ಕೋರ್ಟಿನ ಹೊರಗೇ ರಾಜಿಯಾಯಿತು, ಎಷ್ಟಕ್ಕೆ ಎಂಬುದನ್ನು ಹೇಳಲಿಲ್ಲ. ಹೋದ ದುಡ್ಡಿಗಿಂತ ತಮ್ಮ ಕೂಸುಗಳು ಕೆಟ್ಟ ರೂಪಕ್ಕೆ ತಿರುಗಿದ್ದೇ ಆಕೆಗೆ ಹೆಚ್ಚು ನೋವು ತಂದಿತ್ತು ಎಂದು ಮಾರ್ಥಾ ಮತ್ತು ಅವರ ಪತಿ ಪತ್ರಿಕೆಗಳಿಗೆ ಹೇಳಿದ್ದುಂಟು.

ಹೊಲಿಗೆ ಯಾರದೇ ಇರಲಿ, ನಾಟಕ ಮಾತ್ರ ಪೂರ್ತಿ ರಾಬರ್ಟ್ಸ್‌ರದು. 1978ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಒರಿಜಿನಲ್ ಅಪಲಾಚಿಯನ್ ಆರ್ಟ್‌ವರ್ಕ್ಸ್ ಎಂಬ ಕಂಪನಿ ಶುರುಮಾಡಿದರು. ಊರಿನ ಹಳೆಯ ದವಾಖಾನೆಯ ಕಟ್ಟಡವನ್ನೇ ಹಿಡಿದು ಅದಕ್ಕೆ ‘ಬೇಬಿಲ್ಯಾಂಡ್ ಜನರಲ್ ಹಾಸ್ಪಿಟಲ್’ ಎಂದು ಬೋರ್ಡು ಹಾಕಿದರು. ಒಳಗೆ ಬಿಳಿ ಸಮವಸ್ತ್ರದ ದಾದಿಯರು. ನಡುವೆ ಎಲೆಕೋಸಿನ ಮಡಿ. ತಾಯಿ ಕೋಸಿಗೆ ನೋವು ಬಂದಿದೆ ಎಂದು ಕೂಗು ಬಿದ್ದರೆ ಜನ ಸುತ್ತ ನೆರೆಯಬೇಕು, ದಾದಿ ‘ಇಮ್ಯಾಜಿಸಿಲಿನ್’ ಎಂಬ ಕಲ್ಪಿತ ಮದ್ದು ಕೊಟ್ಟು ಎಲೆ ಬಿಡಿಸಿ ಕೂಸನ್ನು ಎತ್ತಿ ತೋರಿಸಬೇಕು. ಅಲ್ಲಿ ‘ಮಾರಾಟ’, ‘ಬೆಲೆ’ ಎಂಬ ಪದಗಳೇ ನಿಷಿದ್ಧ. ಗೊಂಬೆಯನ್ನು ದತ್ತು ತೆಗೆದುಕೊಳ್ಳಬೇಕು, ಬಲಗೈ ಎತ್ತಿ ಪ್ರಮಾಣ ಮಾಡಬೇಕು, ‘ದತ್ತು ಶುಲ್ಕ’ ಕಟ್ಟಬೇಕು. ಬೆಲೆ ಎಂಬ ಮಾತೇ ಇಲ್ಲದಲ್ಲಿ ಚೌಕಾಸಿ ಎಲ್ಲಿಂದ ಬರಬೇಕು? ಮಗುವಿನ ಮುಂದೆ ನಿಂತು ಶುಲ್ಕ ಜಾಸ್ತಿಯಾಯಿತು ಎನ್ನುವ ತಂದೆ-ತಾಯಿ ಇನ್ನೂ ಹುಟ್ಟಬೇಕಿತ್ತು.

ಕೈಹೊಲಿಗೆಯ ಗೊಂಬೆ ಎಷ್ಟು ಬೇಗ ಆದೀತು? 1982ರಲ್ಲಿ ಪರವಾನಗಿ ದಲ್ಲಾಳಿ ರೋಜರ್ ಶ್ಲೈಫರ್ ಮೂಲಕ ಕೊಲೆಕೊ ಕಂಪನಿಯ ಜೊತೆ ಒಪ್ಪಂದವಾಯಿತು. ಆಗಲೇ ‘ಲಿಟ್ಲ್ ಪೀಪಲ್’ ಹೋಗಿ ‘ಕ್ಯಾಬೇಜ್ ಪ್ಯಾಚ್ ಕಿಡ್ಸ್’ ಬಂದದ್ದು. ಕೊಲೆಕೊ ಎಂದರೆ ಕನೆಕ್ಟಿಕಟ್ ಲೆದರ್ ಕಂಪನಿ. 1932ರಲ್ಲಿ ಚಕ್ಕಳದ ವ್ಯಾಪಾರದಿಂದ ಶುರುವಾಗಿ, ಪ್ಲಾಸ್ಟಿಕ್ ಈಜುಕೊಳ ಮಾಡಿ, ವಿಡಿಯೋ ಗೇಮಿಗೆ ಜಿಗಿದ ಸಂಸ್ಥೆ. ಅದು ಬಟ್ಟೆಯ ಮುಖ ತೆಗೆದು ವಿನೈಲ್ ತಲೆ ಕೂರಿಸಿತು. ಒಂದರಂತೆ ಇನ್ನೊಂದಿಲ್ಲ ಎಂಬ ಮಾತು ಉಳಿಸಿಕೊಳ್ಳಲು ಕಂಪ್ಯೂಟರಿನ ಮೊರೆ ಹೊಕ್ಕಿತು. ತಲೆಯ ಅಚ್ಚು, ಕಣ್ಣಿನ ಬಣ್ಣ, ಕೂದಲು, ಮುಖದ ಚುಕ್ಕೆ, ಅಂಗಿ ಎಲ್ಲವನ್ನೂ ಅದಲುಬದಲು ಮಾಡಿ ಜೋಡಿಸಿದರೆ ಲಕ್ಷಗಟ್ಟಲೆ ‘ಬೇರೆ ಬೇರೆ’ ಮಕ್ಕಳು. ಹೆಸರುಗಳನ್ನು ಜಾರ್ಜಿಯಾದ 1938ರ ಜನನ ದಾಖಲೆಗಳಿಂದ ಹೆಕ್ಕಿದರು. ಅಜ್ಜಂದಿರಿಗೆ ಒಪ್ಪುವ ಜೋಡಿ ಹೆಸರುಗಳು ಪ್ಲಾಸ್ಟಿಕ್ ಕೂಸಿಗೆ ಬಂದದ್ದು ಹೀಗೆ. ಡಬ್ಬದೊಳಗೆ ಜನನ ಪ್ರಮಾಣ ಪತ್ರ, ದತ್ತು ಪತ್ರ. ದತ್ತು ಪತ್ರ ತುಂಬಿ ಅಂಚೆಗೆ ಹಾಕಿದರೆ ವರ್ಷದ ಹೊತ್ತಿಗೆ ಗೊಂಬೆಗೆ ಹುಟ್ಟುಹಬ್ಬದ ಕಾರ್ಡ್ ಬರುತ್ತಿತ್ತು.

ಎಲ್ಲ ಸಿದ್ಧವಾಗಿತ್ತು, ಆದರೆ ಎಷ್ಟು ಮಂದಿಗೆ ಬೇಕಾದೀತು ಎಂಬ ಅಂದಾಜೇ ಕೊಲೆಕೊಗೆ ಸಿಗಲಿಲ್ಲ.

1983ರ ನವೆಂಬರ್ ಹೊತ್ತಿಗೆ ಪೂರ್ವ ಏಷ್ಯಾದ ಕಾರ್ಖಾನೆಗಳಿಂದ ವಿಮಾನದಲ್ಲಿ ತರಿಸಿದರೂ ಸಾಲದಾಯಿತು. ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯ ಅಂಗಡಿಯೊಂದರಲ್ಲಿ ಗಂಟೆಗಟ್ಟಲೆ ಕಾದ ಜನ ಬಾಗಿಲು ತೆರೆದೊಡನೆ ನುಗ್ಗಿದರು. ಒಬ್ಬ ಹೆಂಗಸಿನ ಕಾಲು ಮುರಿಯಿತು, ಮ್ಯಾನೇಜರ್ ಬೇಸ್‌ಬಾಲ್ ಬ್ಯಾಟ್ ಹಿಡಿದು ನಿಲ್ಲಬೇಕಾಯಿತು. ಕ್ಯಾನ್ಸಸ್ ಸಿಟಿಯ ಅಂಚೆಯವನೊಬ್ಬ ಮಗಳ ಗೊಂಬೆಗಾಗಿ ಲಂಡನ್‌ಗೇ ವಿಮಾನ ಹತ್ತಿದ. ಮಿಲ್ವಾಕಿಯಲ್ಲಿ ಇಬ್ಬರು ರೇಡಿಯೊ ನಿರೂಪಕರು ತಮಾಷೆಗೆಂದು, ಯುದ್ಧವಿಮಾನದಿಂದ ಕ್ರೀಡಾಂಗಣದ ಮೇಲೆ ಎರಡು ಸಾವಿರ ಗೊಂಬೆ ಸುರಿಸುತ್ತಾರೆ, ಕ್ರೆಡಿಟ್ ಕಾರ್ಡನ್ನು ಆಕಾಶಕ್ಕೆ ಹಿಡಿಯಿರಿ, ಮೇಲಿಂದ ಫೋಟೊ ತೆಗೆದುಕೊಳ್ಳುತ್ತಾರೆ ಎಂದರು. ಆ ಕೊರೆಯುವ ಚಳಿಯಲ್ಲೂ ಒಂದಷ್ಟು ಮಂದಿ ಹೋಗಿ ನಿಂತಿದ್ದರು! ನ್ಯೂಯಾರ್ಕ್ ಬಳಿಯ ನಾಸೋ ಕೌಂಟಿಯ ಗ್ರಾಹಕ ಇಲಾಖೆ, ಇಲ್ಲದ ಗೊಂಬೆಗೆ ಜಾಹೀರಾತು ಕೊಟ್ಟು ಮಕ್ಕಳನ್ನು ಅಳಿಸುತ್ತೀರಿ ಎಂದು ಆಕ್ಷೇಪಿಸಿದಾಗ ಕಂಪನಿ ಜಾಹೀರಾತನ್ನೇ ತಡೆಹಿಡಿಯಿತು. ನ್ಯೂಸ್‌ವೀಕ್ ಮುಖಪುಟದಲ್ಲಿ ಬಂದಮೇಲೆ ಜಾಹೀರಾತು ಯಾಕಾದರೂ ಬೇಕು?

ಆ ವರ್ಷ ಸುಮಾರು 30 ಲಕ್ಷ ಕೂಸುಗಳು ಮನೆ ಸೇರಿದವು. ಬೆನ್ನಿಗೇ ನಕಲಿಗಳೂ ಬಂದವು. ಅವುಗಳಲ್ಲಿ ಕೆಲವಕ್ಕೆ ಎಣ್ಣೆ ಹೀರಿದ ಚಿಂದಿ ತುಂಬಿ ಹೊಲಿದಿದ್ದರು, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ನಾತ. ಅಸಲಿ ಕೂಸು ಪೌಡರ್ ಹಚ್ಚಿದ ಎಳೆಮಗುವಿನಂತೆ ಘಮಘಮಿಸುತ್ತಿತ್ತು. ಹಳೆಯ ಗೊಂಬೆ ಕೈಗೆ ಸಿಕ್ಕಾಗ ಸಂಗ್ರಹಕಾರರು ಈಗಲೂ ಮೊದಲು ಮೂಸಿ ನೋಡುವುದಕ್ಕೆ ಆ ಘಮವೇ ಕಾರಣ.

ಇಳಿತ ಬೇಗ ಬಂತು. ಟಾಪ್ಸ್ ಕಂಪನಿ 1985ರಲ್ಲಿ ‘ಗಾರ್ಬೇಜ್ ಪೇಲ್ ಕಿಡ್ಸ್’ ಎಂಬ ಸ್ಟಿಕರ್‌ಗಳಲ್ಲಿ ಇದೇ ದಪ್ಪ ಕೆನ್ನೆಯ ಮಕ್ಕಳನ್ನು ಸಿಂಬಳ ಸುರಿಸುತ್ತ, ವಾಂತಿ ಮಾಡುತ್ತ ಚಿತ್ರಿಸಿತು. ಮೊಕದ್ದಮೆಯಾಗಿ ರಾಜಿಯಾಯಿತು. ಮಾರ್ಥಾರಿಂದ ದಾವೆ ಹಾಕಿಸಿಕೊಂಡ ಕಡೆಯವರೇ ಈಗ ನಮ್ಮ ಗೊಂಬೆ ಕದ್ದರು ಎಂದು ದಾವೆ ಹಾಕಿದ್ದು ವಿಶೇಷ. ‘ಆಡಮ್’ ಎಂಬ ಕಂಪ್ಯೂಟರಿನಲ್ಲಿ ಕೈಸುಟ್ಟುಕೊಂಡಿದ್ದ ಕೊಲೆಕೊ, ಗೊಂಬೆಯ ಹುಚ್ಚೂ ಇಳಿದಮೇಲೆ 1988ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೂಸುಗಳು ಹ್ಯಾಸ್ಬ್ರೊ ಮನೆಗೆ, ಅಲ್ಲಿಂದ ಮ್ಯಾಟೆಲ್ ಮನೆಗೆ, ಆಮೇಲೆ ಇನ್ನೂ ನಾಲ್ಕಾರು ಮನೆಗೆ ಹೋದವು. ಮ್ಯಾಟೆಲ್ 1996ರಲ್ಲಿ ಪ್ಲಾಸ್ಟಿಕ್ ತಿಂಡಿ ಜಗಿಯುವ ಗೊಂಬೆ ಬಿಟ್ಟಿತು. ಅದು ಮಕ್ಕಳ ಜಡೆಯನ್ನೂ ಜಗಿಯತೊಡಗಿತು. ನಿಲ್ಲಿಸಲು ಸ್ವಿಚ್ಚೇ ಇಲ್ಲ. 1997ರ ಜನವರಿಯಲ್ಲಿ ಮಾರಾಟ ನಿಲ್ಲಿಸಿ, ಹಿಂದಿರುಗಿಸಿದವರಿಗೆ 40 ಡಾಲರ್ ಕೊಟ್ಟರು.

ಈಗ ಅಟ್ಟದ ಪ್ರಶ್ನೆಗೆ ಬರೋಣ. ಡಬ್ಬ ಕಳೆದುಹೋದ, ಆಡಿ ಹಳತಾದ, 1980ರ ದಶಕದ ಮಾಮೂಲಿ ಕೊಲೆಕೊ ಗೊಂಬೆಗೆ ಸಾಮಾನ್ಯವಾಗಿ ಸಿಗುವುದು 10ರಿಂದ 30 ಡಾಲರ್. ಅಂದು ಅಂಗಡಿಯಲ್ಲಿ ಇದ್ದ ಬೆಲೆಯೂ 25ರ ಸುಮಾರು. 1983ರ 25 ಡಾಲರ್ ಎಂದರೆ ಇಂದಿನ ಲೆಕ್ಕದಲ್ಲಿ 75ಕ್ಕೂ ಮೇಲೆ. ಕಾಲು ಮುರಿದುಕೊಂಡು ತಂದ ಗೊಂಬೆಗೆ ಅಸಲೂ ಹುಟ್ಟುವುದಿಲ್ಲ. ಕಾರಣ ಸರಳ. ಅಂದು ಗೊಂಬೆ ಕಡಿಮೆ ಇದ್ದದ್ದು ಒಂದು ಹಬ್ಬದ ಕಾಲಕ್ಕೆ ಮಾತ್ರ. ಆ ಕೊರತೆ ಕಂಡೇ ಕಾರ್ಖಾನೆಗಳು ಮುಂದಿನ ವರ್ಷಗಳಲ್ಲಿ ಕೋಟಿಗಟ್ಟಲೆ ಕೂಸು ಹೊರತಂದವು. ‘ಮುಂದೆ ಬೆಲೆ ಬಂದೀತು’ ಎಂದು ಜೋಪಾನ ಮಾಡಿಟ್ಟವರೂ ಕಡಿಮೆಯಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪ ಆಗುವುದು ಹೇಗೆ? ಇಂಟರ್‌ನೆಟ್ ಹರಾಜು ಕಟ್ಟೆಯಲ್ಲಿ ಇಂಥದೇ ಗೊಂಬೆಗೆ ಸಾವಿರಾರು ಡಾಲರ್ ಎಂದು ಬರೆದು ಕೂತವರು ಸಿಗುತ್ತಾರೆ. ಅದು ಕೇಳುವ ಬೆಲೆ. ಕೊಟ್ಟು ಕೊಂಡ ಬೆಲೆ ಎಷ್ಟು ಎಂದು ಅದೇ ಕಟ್ಟೆಯ ಮುಗಿದ ವ್ಯವಹಾರಗಳ ಪಟ್ಟಿಯಲ್ಲಿ ನೋಡಬೇಕು.

ಆದರೂ ಗೊಂಬೆಯನ್ನು ಬೋರಲು ಹಾಕಿ ನೋಡದೆ ಕೊಟ್ಟುಬಿಡಬಾರದು. ಕುಂಡೆಯ ಮೇಲಿನ ರಾಬರ್ಟ್ಸ್ ರುಜು ಕಪ್ಪಾಗಿದ್ದರೆ 1983, ಹಸಿರಾಗಿದ್ದರೆ 1984, ನೀಲಿಯಾದರೆ 1985, ಕೆಂಪಾದರೆ 1986. ಕತ್ತಿನ ಹಿಂದೆ ತಲೆಯ ಅಚ್ಚಿನ ಸಂಖ್ಯೆ ಇರುತ್ತದೆ. ಮೈಬದಿಯ ಹೊಲಿಗೆಯಲ್ಲಿ ಕಾರ್ಖಾನೆಯ ಗುರುತು. ಸ್ಪೇನಿನ ಹೆಸ್ಮಾರ್, ಜಪಾನಿನ ತ್ಸುಕುಡಾದಂಥ ಕಂಪನಿಗಳು ತಮ್ಮ ನಾಡಿನ ಮಾರುಕಟ್ಟೆಗೆ ಮಾಡಿದ ಗೊಂಬೆಗಳನ್ನು ಅರಸಿಕೊಂಡು ಹೋಗುವವರೇ ಬೇರೆ ಇದ್ದಾರೆ. ಮುಖದಲ್ಲಿ ಚುಕ್ಕೆಗಳಿರುವ 1983ರ ಕೂಸು ಸಿಕ್ಕರೆ ಒಮ್ಮೆ ನಿಂತು ನೋಡುತ್ತಾರೆ. ಇದೆಲ್ಲ ಸರಿಯಿದ್ದು, ಮೂಲ ಅಂಗಿ, ಡಬ್ಬ, ಭರ್ತಿ ಮಾಡದ ದತ್ತು ಪತ್ರ, ಜನನ ಪ್ರಮಾಣ ಪತ್ರ ಒಟ್ಟಿಗೇ ಇದ್ದರೆ ಬೆಲೆ ನೂರು ದಾಟುವುದುಂಟು. ಇಲ್ಲೊಂದು ತಮಾಷೆಯಿದೆ. ಪ್ರೀತಿಯಿಂದ ಪತ್ರ ತುಂಬಿ ಕಳಿಸಿ, ಹುಟ್ಟುಹಬ್ಬದ ಕಾರ್ಡಿಗೆ ಕಾದ ಮಗುವಿನ ಗೊಂಬೆಗಿಂತ, ಯಾರೂ ದತ್ತು ತೆಗೆದುಕೊಳ್ಳದೆ ಡಬ್ಬದಲ್ಲೇ ಉಳಿದ ಅನಾಥ ಕೂಸಿಗೆ ಹೆಚ್ಚು ಹಣ.

ವಿನೈಲ್ ಮುಖಕ್ಕೆ ವಯಸ್ಸಾದಂತೆ ಕಾಯಿಲೆಯೂ ಬರುತ್ತದೆ. ಕೆನ್ನೆಯ ಮೇಲೆ ಕಪ್ಪು-ಹಸಿರು ಚುಕ್ಕೆ ಏಳುತ್ತವೆ. ಸಂಗ್ರಹಕಾರರ ಬಾಯಲ್ಲಿ ಅದಕ್ಕೆ ‘ಪಾಕ್ಸ್’ ಎಂದೇ ಹೆಸರು, ಅಂದರೆ ಸಿಡುಬು. ಮದ್ದು ಔಷಧಿ ಅಂಗಡಿಯಲ್ಲೇ ಸಿಗುತ್ತದೆ: ಹರೆಯದವರು ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮು. ಅದನ್ನು ಚುಕ್ಕೆಗೆ ಸವರಿ ಗೊಂಬೆಯನ್ನು ಬಿಸಿಲಿಗೆ ಕೂರಿಸುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಚುಕ್ಕೆಯ ಜೊತೆ ಕೆನ್ನೆಯ ಕೆಂಪೂ ಹೋಗುತ್ತದೆ.

ದೊಡ್ಡ ಹಣ ಇರುವುದು ವಿನೈಲ್‌ಗಿಂತ ಹಿಂದಿನ ಗೊಂಬೆಗಳಲ್ಲಿ. ಕೊಲೆಕೊ ಬರುವ ಮೊದಲು ಕ್ಲೀವ್‌ಲ್ಯಾಂಡ್‌ನಲ್ಲಿ ಕೈಯಲ್ಲಿ ಹೊಲಿದ, ರಾಬರ್ಟ್ಸ್ ಸ್ವತಃ ರುಜು ಹಾಕಿದ ಆರಂಭದ ‘ಲಿಟ್ಲ್ ಪೀಪಲ್’ ಕೂಸುಗಳಿಗೆ, ಪತ್ರಗಳು ಜೊತೆಗಿದ್ದರೆ, ನೂರಾರು ಡಾಲರ್ ಸಲೀಸು. ಕೆಲವಕ್ಕೆ ಸಾವಿರದ ಲೆಕ್ಕ. ಅವುಗಳ ಸಂಖ್ಯೆಯೇ ಕಡಿಮೆ. ಅಚ್ಚಿಗೆ ಸಿಗದ ಮುಖ, ಸೂಜಿ ಎಳೆದ ಗುಳಿ. ಹಾಗೆ ನೋಡಿದರೆ ಮಾರುಕಟ್ಟೆ ಇವತ್ತು ದುಡ್ಡು ಕೊಡುತ್ತಿರುವುದು ಮಾರ್ಥಾ ನೆಲ್ಸನ್‌ರ ಬೆರಳಲ್ಲಿ ಹುಟ್ಟಿದ ಗುಣಕ್ಕೇ, ರಾಬರ್ಟ್ಸ್ ರುಜುವಿನ ಮೂಲಕ. ಮದುವೆಯ ಬಳಿಕ ಮಾರ್ಥಾ ನೆಲ್ಸನ್ ಥಾಮಸ್ ಆದ ಆಕೆ 2013ರಲ್ಲಿ ತೀರಿಕೊಂಡರು.

ಅಮೆರಿಕದ ಅಂಚೆ ಇಲಾಖೆ 1980ರ ದಶಕದ ನೆನಪಿಗೆ ಹೊರತಂದ ಚೀಟಿಗಳಲ್ಲಿ ಈ ಗೊಂಬೆಯೂ ಇತ್ತು. 2023ರಲ್ಲಿ ರೋಚೆಸ್ಟರ್‌ನ ಸ್ಟ್ರಾಂಗ್ ವಸ್ತುಸಂಗ್ರಹಾಲಯ ಇದನ್ನು ರಾಷ್ಟ್ರೀಯ ಆಟಿಕೆಗಳ ಗೌರವ ಸಭಾಂಗಣಕ್ಕೆ ಸೇರಿಸಿಕೊಂಡಿತು. ಬೇಬಿಲ್ಯಾಂಡ್ ಆಸ್ಪತ್ರೆ ಈಗ ಹಳೆಯ ದವಾಖಾನೆ ಬಿಟ್ಟು ದೊಡ್ಡ ಕಟ್ಟಡಕ್ಕೆ ಬಂದಿದೆ. ಕೈಹೊಲಿಗೆಯ ಕೂಸು ಅಲ್ಲಿ ಇವತ್ತಿಗೂ ಹುಟ್ಟುತ್ತದೆ, ಶುಲ್ಕ ನೂರಾರು ಡಾಲರ್. ಚಿಕ್ಕಂದಿನಲ್ಲಿ ಗೊಂಬೆ ಸಿಗದೆ ಅತ್ತವರು ಈಗ ಮೊಮ್ಮಕ್ಕಳ ನೆಪ ಹೇಳಿಕೊಂಡು ಹೋಗಿ ಮಡಿಯ ಸುತ್ತ ನಿಲ್ಲುತ್ತಾರೆ. ದಾದಿ ಎಲೆ ಬಿಡಿಸಿ, ಗಂಡೋ ಹೆಣ್ಣೋ ಎಂದು ಕೂಗಿ ಹೇಳಿ, ಕೂಸನ್ನು ತಲೆಕೆಳಗಾಗಿ ಹಿಡಿದು ಕುಂಡೆಗೆ ಮೆಲ್ಲಗೆ ಒಂದು ತಟ್ಟುತ್ತಾಳೆ, ಸರಿಯಾಗಿ ರುಜು ಇರುವ ಜಾಗಕ್ಕೆ.